ಬೂದಿ ಬಣ್ಣದ ಜಾರುಬಂಡೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ. ನನ್ನ ತಂಗಿ ಮಾತ್ರ ಹೇಳುವುದಿಲ್ಲ, ತೋರಿಸುತ್ತಾಳೆ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು; ನಮ್ಮಿಬ್ಬರದು ಕೈಮಾತು. ಕೈಮಾತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಹೆಸರು ಇರುತ್ತದೆ. ಅವಳು ನನಗಿಟ್ಟ ಹೆಸರು ಹೀಗಿದೆ: ಬೆರಳಿನಿಂದ ಮೂಗಿನ ತುದಿ ಮುಟ್ಟುವುದು, ಆಮೇಲೆ ಸುಟ್ಟುಕೊಂಡವರ ಹಾಗೆ ಕೈ ಕೊಡವುವುದು. ಅವಳ ಗೆಳತಿಯರೆಲ್ಲ ನನ್ನನ್ನು ಹಾಗೇ ಕರೆಯುತ್ತಾರೆ. ನನಗೂ ಅಭ್ಯಾಸವಾಗಿಬಿಟ್ಟಿದೆ. ಅವಳನ್ನು ನಾವು ಮನೆಯಲ್ಲಿ ಚೂಟಿ ಎನ್ನುತ್ತೇವೆ. ಯಾಕೆ ಎಂದು ಮುಂದೆ ನಿಮಗೇ ತಿಳಿಯುತ್ತದೆ.

ನಾನು ಕೆಲಸ ಮಾಡುವುದು ತರಲೆ ಮೊಬೈಲ್ ಎಂಬ ಕಂಪನಿಯಲ್ಲಿ. ಹೆಸರೇ ಹೇಳುವ ಹಾಗೆ ಅದು ಹುಡುಗ ಹುಡುಗಿಯರ ಕಂಪನಿ. ಇಪ್ಪತ್ತೈದು ದಾಟಿದವರಿಗೆ ಸಿಮ್ ಕೊಡುವುದೇ ಇಲ್ಲ. ಅಲ್ಲೇ ದುಡಿಯುವ ನನಗೂ ಇಲ್ಲ. ಇನ್ನು ಟವರ್ ಎನ್ನುವುದು ನಮಗೆ ಹೆಸರಿಗೆ ಒಂದೂ ಇಲ್ಲ. ಊರ ತುಂಬ ಟವರ್ ನಿಲ್ಲಿಸಿಕೊಂಡಿರುವ ದೊಡ್ಡ ಕಂಪನಿಯಿಂದ ನೆಟ್‌ವರ್ಕ್ ಬಾಡಿಗೆಗೆ ಹಿಡಿದು, ಅದಕ್ಕೆ ನಮ್ಮ ಹೆಸರು, ನಮ್ಮ ಬಣ್ಣ, ನಮ್ಮ ಪ್ಯಾಕು ಹಚ್ಚಿ ಮಾರುತ್ತೇವೆ. ಇದನ್ನು ಅಮ್ಮನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಎಲ್ಲ ಕೇಳಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಅಂದ್ರೆ ಪಕ್ಕದ ಮನೆ ಒಲೇಲಿ ಅಡುಗೆ ಮಾಡಿ, ನಮ್ಮನೆ ಊಟ ಅಂತ ಬಡಿಸ್ತೀರಿ" ಎಂದಳು. ನಾನು ಮುಖ ಊದಿಸಿಕೊಂಡೆ. ಆದರೆ ಅದಕ್ಕಿಂತ ಚೆನ್ನಾಗಿ ಕಂಪನಿಯ ಯಜಮಾನರೂ ಹೇಳಿದ್ದನ್ನು ನಾನು ಕೇಳಿಲ್ಲ.

ಸಿಮ್ ಜೊತೆಗೆ ಫೋನೂ ನಮ್ಮದೇ. ಅಂಗಡಿ ಕಪಾಟಿನಲ್ಲಿ ನಮ್ಮ ಫೋನುಗಳದ್ದೇ ಒಂದು ಸಾಲು. ಪೆಟ್ಟಿಗೆಯ ಮೇಲೆ ಏನೇನೋ ನಂಬರು ಅಚ್ಚಾಗಿದ್ದರೂ ನಾವೆಲ್ಲ ಕರೆಯುವುದು ಅಡ್ಡಹೆಸರಿನಿಂದ. ಗುಂಡ ಎಂಬುದು ಅಂಗೈಯಲ್ಲಿ ಅಡಗುವ ಅಗ್ಗದ ಫೋನು, ಮೊದಲ ಸಲ ಫೋನು ಹಿಡಿಯುವ ಶಾಲೆ ಮಕ್ಕಳಿಗೆ. ಹಾಡುಗಾರನಿಗೆ ಬೆನ್ನ ತುಂಬ ಸ್ಪೀಕರು. ಜಾರುಬಂಡೆ ಎರಡು ಪದರದ್ದು: ಮೇಲಿನ ಪದರವನ್ನು ಹೆಬ್ಬೆರಳಿನಿಂದ ನೂಕಿದರೆ ಅದು ಜಾರಿ, ಕೆಳಗೆ ಅಕ್ಷರದ ಗುಂಡಿಗಳ ಸಾಲು ತೆರೆದುಕೊಳ್ಳುತ್ತದೆ, ಮುಚ್ಚಿದರೆ ಟಕ್ ಎನ್ನುತ್ತದೆ. ಬಣ್ಣ ಒಂದೇ, ಬೂದಿ. ಈ ವರ್ಷ ಹೊಸದಾಗಿ ಬರಲಿದ್ದದ್ದು ಕನ್ನಡಿ. ಒಂದೂ ಗುಂಡಿಯಿಲ್ಲ, ಹಿಂದೆ ಮುಂದೆ ಬರೀ ಗಾಜು.

ನಾನಿರುವುದು ವಾಪಸ್ಸು ಕೋಣೆಯಲ್ಲಿ. ಕೆಟ್ಟು ವಾಪಸ್ಸು ಬಂದ ಫೋನುಗಳನ್ನು ಬಿಚ್ಚಿ, ಏನಾಗಿದೆ ಎಂದು ನೋಡಿ, ಸರಿಮಾಡಿ ಕಳಿಸುವುದು. ಮೊದಲು ಗಿರಾಕಿಗಳ ಕರೆ ತೆಗೆದುಕೊಳ್ಳುವ ಮೇಜಿನಲ್ಲಿದ್ದೆ. ಒಬ್ಬ ಮಹಾಶಯ ನೆಟ್‌ವರ್ಕ್ ಬರ್ತಿಲ್ಲ ಎಂದು ಗಂಟಲು ಹರಿಯುವ ಹಾಗೆ ಬೈಯುತ್ತಿದ್ದಾಗ, "ಇಷ್ಟು ಜೋರಾಗಿ ಕಿರುಚೋದಾದ್ರೆ ನಿಮಗೆ ಫೋನ್ ಯಾಕ್ರೀ ಬೇಕು, ಹಾಗೇ ಕೇಳಿಸ್ತಿದೆ" ಎಂದುಬಿಟ್ಟೆ. ಮಾರನೆಯ ದಿನದಿಂದ ನನಗೆ ಮನುಷ್ಯರ ಸಹವಾಸ ತಪ್ಪಿತು. ನಿಜ ಹೇಳಬೇಕೆಂದರೆ ಇದೇ ಸುಖ. ಕೆಟ್ಟ ಫೋನು ಎದುರು ಮಾತಾಡುವುದಿಲ್ಲ.

ಚೂಟಿಯ ಕೆಲಸ ಪಾರ್ಸೆಲ್ ಕಚೇರಿಯಲ್ಲಿ. ಮೊದಲು ಅವಳನ್ನು ಹಿಂದಿನ ಕೋಣೆಯಲ್ಲಿ ಚೀಟಿ ಅಂಟಿಸಲು ಕೂರಿಸಿದ್ದರು. ಕಿಟಕಿಯಿಲ್ಲದ ಕೋಣೆ, ಅಂಟಿನ ವಾಸನೆ, ಮಾತಾಡಿಸುವವರು ಯಾರೂ ಇಲ್ಲ. ಸಂಜೆ ಮನೆಗೆ ಬಂದರೆ ಅವಳ ಕೈಗಳೂ ಮಾತು ಮರೆತಂತೆ ಮಡಿಲಲ್ಲಿ ಬಿದ್ದಿರುತ್ತಿದ್ದವು. ಒಂದು ದಿನ ಕೌಂಟರಿನವನು ಬರಲಿಲ್ಲ. ಇವಳು ಯಾರನ್ನೂ ಕೇಳದೆ ಹೋಗಿ ಅಲ್ಲಿ ಕುಳಿತುಬಿಟ್ಟಳು. ಗಿರಾಕಿ ವಿಳಾಸ ಹೇಳುತ್ತಿದ್ದರೆ ಇವಳ ಕಣ್ಣು ಅವರ ತುಟಿಯ ಮೇಲೆ, ಮೇಜಿನ ಕೆಳಗೆ ಎರಡು ಹೆಬ್ಬೆರಳು ಜಾರುಬಂಡೆಯ ಗುಂಡಿಗಳ ಮೇಲೆ. ಅವರು ಮಾತು ಮುಗಿಸಿ ಪೊಟ್ಟಣವನ್ನು ತಕ್ಕಡಿಯ ಮೇಲೆ ಇಡುವಷ್ಟರಲ್ಲಿ ವಿಳಾಸ ಪಾರ್ಸೆಲ್ ಒಯ್ಯುವ ಬೈಕಿನವನಿಗೆ ತಲುಪಿ, ಅವನು ಬಾಗಿಲಲ್ಲಿ ಬಂದು ನಿಂತಿರುತ್ತಿದ್ದ. ತುಟಿಯಿಂದ ಒಂದು ಕ್ಷಣ ಕಣ್ಣು ತೆಗೆದರೆ ಒಂದು ಬೀದಿಯ ಹೆಸರು ಹೋಯಿತು ಎಂದೇ ಲೆಕ್ಕ. ಗುಂಡಿಗಳಿದ್ದರೆ ಕಣ್ಣು ತೆಗೆಯುವ ಪ್ರಮೇಯವೇ ಇಲ್ಲ, ಬೆರಳಿಗೆ ದಾರಿ ಗೊತ್ತಿರುತ್ತದೆ. ಈಗ ಅಲ್ಲಿನ ಮ್ಯಾನೇಜರ್ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ.

ಅವಳ ಜಾರುಬಂಡೆಯ ಗುಂಡಿಗಳ ಮೇಲಿದ್ದ ಅಕ್ಷರಗಳೆಲ್ಲ ಎಂದೋ ಸವೆದುಹೋಗಿವೆ. ಅದರ ಮೇಲೆ ಅವಳಿಗೆ ಇರುವ ದೂರು ಒಂದೇ, ಬಣ್ಣ. "ಪಾತ್ರೆ ತಿಕ್ಕೋ ಬೂದಿ" ಎಂದು ಬೈದುಕೊಂಡು ಬೆನ್ನಿಗೆ ತನ್ನ ಕೆಂಪು ನೇಲ್ ಪಾಲಿಶ್ ಬಳಿಯುತ್ತಾಳೆ. ಅದು ಉದುರುತ್ತದೆ, ಇವಳು ಮತ್ತೆ ಬಳಿಯುತ್ತಾಳೆ.

ಹೀಗಿರುವಾಗ ಒಂದು ಬೆಳಿಗ್ಗೆ ಕಚೇರಿಯಲ್ಲಿ ಎಲ್ಲರನ್ನೂ ದೊಡ್ಡ ಕೋಣೆಗೆ ಕರೆದರು. ಮಾತಾಡಿದವರು ಫೋನು ವಿಭಾಗದ ಮುಖ್ಯಸ್ಥರು. ಏನು ತೋರಿಸಿದರೂ "ಇನ್ನೂ ಸ್ವಲ್ಪ ಫಳಫಳ ಅನ್ನಬೇಕು" ಎನ್ನುವುದರಿಂದ ಅವರಿಗೆ ಫಳಫಳ ಎಂದೇ ಹೆಸರು ಬಿದ್ದಿದೆ. ಎದುರಿಗೆ ಮಾತ್ರ ಸರ್.

"ಜಾರುಬಂಡೆ ಇನ್ಮೇಲೆ ಬಂದ್. ಗುಂಡಿ ಕಾಲ ಮುಗೀತು. ಹುಡುಗರಿಗೆ ಬೇಕಾಗಿರೋದು ಕನ್ನಡಿ," ಎಂದರು.

ಚೂಟಿಯ ಫೋನಿನ ಜಾರುಪಟ್ಟಿ ಆಗಲೇ ಸಡಿಲವಾಗಿತ್ತು. ಇಂಥ ಫೋನನ್ನು ಬೇರೆ ಕಂಪನಿಗಳೆಲ್ಲ ಎಂದೋ ಕೈಬಿಟ್ಟಿವೆ. ಜಾರುಬಂಡೆ ನಿಂತರೆ ಬಿಡಿಭಾಗವೂ ನಿಲ್ಲುತ್ತದೆ, ಅವಳ ಫೋನು ಸಾಯುತ್ತದೆ, ಅವಳು ಮತ್ತೆ ಹಿಂದಿನ ಕೋಣೆಗೆ, ಅಂಟಿನ ಡಬ್ಬಿಯ ಮುಂದೆ. ಇಷ್ಟೂ ಒಂದೇ ಉಸಿರಿಗೆ ನನ್ನ ತಲೆಯೊಳಗೆ ಓಡಿತು. ಬಾಯಿ ಸುಮ್ಮನಿರಬೇಕಲ್ಲ.

"ಯಾವ ಹುಡುಗರು ಹೇಳಿದ್ರು ಸರ್?"

"ಇದೆಲ್ಲ ಹೇಳಿಸ್ಕೊಳ್ಳೋದಲ್ಲಮ್ಮ. ಗೊತ್ತಾಗೋದು."

"ನನ್ನ ಕೋಣೆಗೆ ಬಂದು ನೋಡಿ ಸರ್. ಪರೀಕ್ಷೆಗೆ ಅಂತ ಕೊಟ್ಟಿರೋ ಕನ್ನಡಿಗಳೇ ಚೂರುಚೂರಾಗಿ ಬರ್ತಿವೆ. ಜಾರುಬಂಡೆ ಬರೋದೇ ಅಪರೂಪ."

"ಅದೇ ನೋಡಿ ತೊಂದರೆ," ಎಂದರು ಫಳಫಳ, ಎಲ್ಲರ ಕಡೆ ತಿರುಗಿ. "ಒಂದ್ಸಲ ತಗೊಂಡೋರು ಮತ್ತೆ ಅಂಗಡಿ ಕಡೆ ತಲೆ ಹಾಕಲ್ಲ. ಕೆಡದೇ ಇರೋ ಫೋನ್ ಇಟ್ಕೊಂಡು ಕಂಪನಿ ಏನು ಮಾಡ್ಬೇಕು?"

ಕೋಣೆಯೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. "ಕಣ್ಣು ಬೇರೆ ಕಡೆ ಇಟ್ಟು ಬರೆಯೋರಿಗೆ ಗುಂಡಿ ಬೇಕೇ ಬೇಕು" ಎಂದೆ. "ಹಾಗೆ ಯಾರಮ್ಮ ಬರೀತಾರೆ?" ಎಂದರು. ಮತ್ತೆ ನಗು.

ಆಗ ಕಿಟಕಿಯ ಕಟ್ಟೆಯ ಮೇಲೆ ಕುಳಿತಿದ್ದ ಯಜಮಾನರು ಕೈ ಎತ್ತಿದರು. ಯಜಮಾನರು ಎಂದರೆ ಬಿಳಿ ಮೀಸೆಯವರಲ್ಲ; ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಮಾಸಿದ ಟೀ ಶರ್ಟು, ಕಟ್ಟದ ಬೂಟಿನ ಲೇಸು. ಟವರ್ ಇಲ್ಲದ ಕಂಪನಿಗೆ ಯಜಮಾನ ಎಂದು ನಾವೇ ಗೇಲಿಗೆ ಇಟ್ಟ ಹೆಸರು ಅದು. "ಜಗಳ ಯಾಕೆ, ಪಂದ್ಯ ಇದೆಯಲ್ಲ," ಎಂದರು.

ಪಂದ್ಯ ನಮ್ಮ ಕಂಪನಿಯ ಪದ್ಧತಿ. ಶುರುವಿನ ವರ್ಷ ಯಾವ ಫೋನನ್ನು ಪೋಸ್ಟರಿಗೆ ಹಾಕುವುದು ಎಂದು ಕಚೇರಿಯಲ್ಲಿ ಮಾತು ಬೆಳೆದು ಕುರ್ಚಿ ಮುರಿಯುವ ತನಕ ಹೋಗಿತ್ತಂತೆ. ಅಂದು ಯಜಮಾನರು ಮಾಡಿದ ನಿಯಮ ಇದು: ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಮೆಸೇಜು ಪಂದ್ಯ. ನಮ್ಮ ಗಿರಾಕಿಗಳು ಯಾರು ಬೇಕಾದರೂ ಬರಬಹುದು, ನಮ್ಮ ಯಾವ ಫೋನನ್ನಾದರೂ ಹಿಡಿಯಬಹುದು. ಕೊಟ್ಟ ವಾಕ್ಯವನ್ನು ತಪ್ಪಿಲ್ಲದೆ ಮೊದಲು ಕಳಿಸಿದವರು ಗೆದ್ದ ಹಾಗೆ. ಗೆದ್ದ ಫೋನು ಪೋಸ್ಟರಿನ ಮೇಲೆ ಬರುತ್ತದೆ, ಮತ್ತು ಪೋಸ್ಟರಿನಲ್ಲಿರುವ ಫೋನನ್ನು ಯಾರೂ ನಿಲ್ಲಿಸುವಂತಿಲ್ಲ.

"ಪಂದ್ಯ ಆಗೋವರೆಗೂ ಯಾವುದೂ ಬಂದ್ ಇಲ್ಲ," ಎಂದರು ಯಜಮಾನರು.

"ಆಗ್ಲಿ ಆಗ್ಲಿ," ಎಂದು ಫಳಫಳ ನಕ್ಕರು. ಕನ್ನಡಿಯೇ ಗೆಲ್ಲುತ್ತದೆ ಎಂದು ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ನನ್ನ ತಂಗಿ ಬರಬಹುದಾ?" ಎಂದು ನಾನು ಎಲ್ಲರೆದುರೇ ಯಜಮಾನರನ್ನು ಕೇಳಿದೆ.

"ಇಪ್ಪತ್ತೈದು ದಾಟಿಲ್ಲ ತಾನೇ? ಬರ್ಲಿ."

ಆ ಸಂಜೆ ಚೂಟಿಗೆ ಎಲ್ಲ ಹೇಳಿದೆ. ಅವಳು ಊಟ ಮಾಡುತ್ತಲೇ ನನ್ನ ಕೈಗಳನ್ನು ನೋಡಿದಳು. ಹಿಂದಿನ ಕೋಣೆ ಎನ್ನುವಾಗ ಮಾತ್ರ ಅವಳ ತುತ್ತು ಬಾಯಿಯ ಹತ್ತಿರ ನಿಂತಿತು. ಆಮೇಲೆ ತಟ್ಟೆ ಸರಿಸಿ, ಬರ್ತೀನಿ ಎಂದು ಕೈ ಮಾಡಿದಳು. ಒಂದು ಷರತ್ತು ಹಾಕಿದಳು: ತನಗೆ ಕಿವಿ ಕೇಳಿಸದು ಎಂದು ನಾನು ಅಲ್ಲಿ ಯಾರಿಗೂ ಹೇಳಕೂಡದು.

ಯಾಕೆ ಎಂದೆ. "ಹೇಳಿದ್ರೆ ಗೆಲ್ಲೋಕೆ ಮುಂಚೆನೇ ಚಪ್ಪಾಳೆ ತಟ್ತಾರೆ. ನಂಗೆ ಆಮೇಲೆ ಬೇಕು" ಎಂದಳು. ಆಗಲಿ ಎಂದು ಮಾತು ಕೊಟ್ಟೆ. ಆಮೇಲೆ ಅವಳ ಹವಾಯಿ ಚಪ್ಪಲಿಗೆ ಬೈದೆ. ಅಷ್ಟು ಜನರ ಮುಂದೆ ಇದನ್ನು ಹಾಕಿಕೊಂಡು ನಿಲ್ಲುತ್ತೀಯಾ ಎಂದು ರೇಗಿ, ಮಾರನೆಯ ದಿನವೇ ಮೆತ್ತನೆಯ ದಪ್ಪ ಅಟ್ಟೆಯ ಬಿಳಿ ಬೂಟು ತಂದುಕೊಟ್ಟೆ. ಹಾಕಿಕೊಂಡು ನಡೆದು ನೋಡಿ, ಮೋಡದ ಮೇಲೆ ಹೋದ ಹಾಗಿದೆ ಎಂದು ಮುಖ ಹುಳ್ಳಗೆ ಮಾಡಿದಳು. ನಾನು ಕೇಳಲಿಲ್ಲ.

ಪಂದ್ಯದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಲೇಜಿನವರು, ಟ್ಯೂಷನ್ ತಪ್ಪಿಸಿ ಬಂದವರು, ಅಂಗಡಿಯ ಸಮವಸ್ತ್ರದಲ್ಲೇ ಓಡಿಬಂದವರು, ಎಲ್ಲರ ಕೈಯಲ್ಲೂ ಒಂದೊಂದು ತರಲೆ. ಮುಂದಿನ ಸಾಲಿನಲ್ಲಿ ಟವರಿನ ದೊಡ್ಡ ಕಂಪನಿಯವರು ಇಸ್ತ್ರಿ ಮುರಿಯದ ಹಾಗೆ ಕುಳಿತಿದ್ದರು. ಅವರನ್ನು ಬೆರಗುಗೊಳಿಸಲೆಂದೇ ಫಳಫಳ ಈ ಸಲ ಪಂದ್ಯದ ರೀತಿಯನ್ನು ಬದಲಿಸಿದ್ದರು. ಹಿಂದೆಲ್ಲ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಪ್ರತಿಯೊಬ್ಬರ ಮುಂದೆ ಇಡುತ್ತಿದ್ದರು. ಈ ಸಲ ವೇದಿಕೆಯ ಎದುರು ಗೋಡೆಯ ಮೇಲೆ ಒಂದು ದೊಡ್ಡ ಪರದೆ, ಪ್ರೇಕ್ಷಕರಿಗೆ ವೇದಿಕೆಯ ಹಿಂದೆ ಅಂಥದ್ದೇ ಇನ್ನೊಂದು. ವಾಕ್ಯ ಅದರ ಮೇಲೆ ರೈಲು ನಿಲ್ದಾಣದ ಫಲಕದ ಹಾಗೆ ಓಡುತ್ತದೆ, ಸುತ್ತು ಮುಂದುವರಿದಂತೆ ವೇಗ ಹೆಚ್ಚುತ್ತದೆ. ಯಾರು ಏನು ಬರೆದು ಕಳಿಸಿದರೂ ಅದೇ ಪರದೆಯಲ್ಲಿ ಕೆಳಗೆ ಮೂಡುತ್ತದೆ. "ಫಳಫಳ ಅಂತಿದೆ ಅಲ್ವಾ?" ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು. ಪಂದ್ಯ ಶುರುವಾಗುವ ಗುರುತಿಗೆ ವೇದಿಕೆಯ ಎರಡೂ ಕಡೆಯ ಆಳೆತ್ತರದ ಸ್ಪೀಕರಿನಿಂದ ಒಂದು ಡ್ರಮ್ಮಿನ ಏಟು. ಅದನ್ನು ಕೇಳಿದಾಗಲೇ ನನಗೆ ಹೊಳೆದದ್ದು: ಶುರುವಾದದ್ದು ಇವಳಿಗೆ ಗೊತ್ತಾಗುವುದು ಹೇಗೆ?

ಅಷ್ಟರಲ್ಲಿ ಮೊದಲ ಸುತ್ತಿನವರು ವೇದಿಕೆಯಲ್ಲಿ ಸಾಲಾಗಿ ನಿಂತಾಗಿತ್ತು. ಪರದೆಯ ಮೇಲೆ ವಾಕ್ಯ ಓಡತೊಡಗಿತು, ಆದರೆ ಡ್ರಮ್ಮಿಗೆ ಮೊದಲು ಬೆರಳು ಆಡಿಸಿದರೆ ಆಟದಿಂದ ಔಟ್. ಧಡ್ ಎಂದಿತು. ಎಲ್ಲರ ಬೆರಳೂ ಓಡಿದವು, ಚೂಟಿ ಮಾತ್ರ ಕಂಬದ ಹಾಗೆ ನಿಂತಿದ್ದಳು. ಪಕ್ಕದವನ ಮೊಣಕೈ ಅಲುಗಿದ್ದನ್ನು ಓರೆಗಣ್ಣಿನಲ್ಲಿ ಕಂಡ ಮೇಲೆ ಇವಳು ಶುರುಮಾಡಿದಳು. ಆಮೇಲೆ ಆ ಹೆಬ್ಬೆರಳುಗಳನ್ನು ನೋಡಬೇಕಿತ್ತು. ಆದರೂ ಮುಂದಿನ ಸುತ್ತಿಗೆ ಹೋಗುವವರಲ್ಲಿ ಎಲ್ಲರಿಗಿಂತ ಕೊನೆಯವಳಾಗಿ, ಕೂದಲೆಳೆಯಲ್ಲಿ ಉಳಿದುಕೊಂಡಳು.

ನಾನು ವೇದಿಕೆಯ ಹಿಂದಕ್ಕೆ ನುಗ್ಗಿದೆ. ಮಿನುಗುವ ಕೋಟು ತೊಟ್ಟ ನಿರೂಪಕ ನೀರು ಕುಡಿಯುತ್ತಿದ್ದ.

"ಡ್ರಮ್ ಜೊತೆಗೆ ಒಂದು ದೀಪನೂ ಹಾಕ್ರಿ," ಎಂದೆ.

"ಯಾಕೆ?"

"ಯಾಕೆ ಅಂತ ಕೇಳ್ಬೇಡಿ. ಹಾಕ್ರಿ ಅಂದ್ರೆ ಹಾಕ್ರಿ."

"ಮೇಡಂ, ನಿಯಮ ಅಂದ್ರೆ ನಿಯಮ. ಒಬ್ಬರಿಗೋಸ್ಕರ ಬದಲಾಯಿಸಿದ್ರೆ ಉಳಿದವರು ಸುಮ್ನಿರ್ತಾರಾ?"

ನಾನು ಕಾಲು ಕೆರೆದು ನಿಂತಿದ್ದೆ. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಅವಳಿಗೆ ಕೇಳಿಸಲ್ಲ ಕಣ್ರೀ ಎಂದು. ಯಾರೋ ನನ್ನ ತೋಳು ಜಗ್ಗಿದರು. ಚೂಟಿ. ಕಣ್ಣು ಕೆಂಪಗೆ ಮಾಡಿಕೊಂಡು, ಮಾತು ಕೊಟ್ಟಿದ್ದೀಯಾ ಎಂದು ಸನ್ನೆ ಮಾಡಿದಳು. ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿದೆ. ಹಾಗೆ ಮುಚ್ಚಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಆಮೇಲೆ ಅವಳು ಅಲ್ಲೇ ಕುಳಿತು, ನಾನು ತಂದುಕೊಟ್ಟ ಬೂಟುಗಳನ್ನು ಕಿತ್ತು ನನ್ನ ಕೈಗೆ ಹಾಕಿದಳು. "ಇವನ್ನ ನೀನೇ ಹಾಕ್ಕೋ. ಈ ಮೆತ್ತೆಯೊಳಗೆ ಭೂಮಿ ನಡುಗಿದ್ರೂ ಗೊತ್ತಾಗಲ್ಲ." ಬರಿಗಾಲಿನಲ್ಲಿ ಹಲಗೆಯ ಮೇಲೆ ನಿಂತು, ಒಂದೆರಡು ಸಲ ಹಿಮ್ಮಡಿ ಒತ್ತಿ ನೋಡಿ, ಸ್ಪೀಕರಿಗೆ ಹತ್ತಿರದ ಜಾಗ ಆರಿಸಿಕೊಂಡಳು. ನನಗೆ ಆಗ ಅರ್ಥವಾಯಿತು. ವೇದಿಕೆ ಮರದ್ದು. ಡ್ರಮ್ಮಿನ ಏಟು ಕಿವಿಗೆ ಬರದಿದ್ದರೇನು, ಅಂಗಾಲಿಗೆ ಬರುತ್ತದೆ. ಅವಳಿಗೆ ಅಡ್ಡ ನಿಂತದ್ದು ಡ್ರಮ್ಮಲ್ಲ, ನಾನು ಪ್ರೀತಿಯಿಂದ ತಂದ ಬೂಟು.

ನಾನು ಬೂಟು ಹಿಡಿದುಕೊಂಡು ಜನರ ನಡುವೆ ಬಂದು ನಿಂತೆ. ಎರಡನೆಯ ಸುತ್ತು. ಧಡ್ ಎನ್ನುವುದೂ ಅವಳ ಹೆಬ್ಬೆರಳು ಹಾರುವುದೂ ಒಟ್ಟಿಗೇ ಆಯಿತು. ಆಗಲೇ ನಾನು ಉಳಿದವರ ಕಡೆ ನೋಡಿದ್ದು, ಎಲ್ಲರ ಕೈಯಲ್ಲೂ ಫಳಫಳ ಪಂದ್ಯಕ್ಕೆಂದು ಹಂಚಿದ್ದ ಕನ್ನಡಿ. ಗಾಜಿನ ಮೇಲೆ ಅಕ್ಷರ ಎಲ್ಲಿದೆ ಎಂದು ಬೆರಳಿಗೆ ತಿಳಿಯದು, ಕಣ್ಣೇ ಹೇಳಬೇಕು. ಆದರೆ ವಾಕ್ಯ ಇರುವುದು ಎದುರು ಗೋಡೆಯ ಮೇಲೆ, ಅದೂ ಓಡುತ್ತಿದೆ. ತಲೆ ಎತ್ತು, ತಗ್ಗಿಸು, ಎತ್ತು, ತಗ್ಗಿಸು. ಎಲ್ಲರೂ ಸಾಲಾಗಿ ಕೋಳಿ ನೀರು ಕುಡಿಯುವ ಹಾಗೆ ತಲೆ ಆಡಿಸುತ್ತಿದ್ದರು. ಮೊದಲು ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು, ಆಮೇಲೆ ಇಡೀ ಸಭಾಂಗಣವೇ ನಕ್ಕಿತು. ಆ ಸಾಲಿನಲ್ಲಿ ತಲೆ ಅಲುಗದಿದ್ದವಳು ಒಬ್ಬಳೇ. ಅವಳು ಪರದೆಯನ್ನು ಪಾರ್ಸೆಲ್ ತಂದ ಗಿರಾಕಿಯನ್ನು ನೋಡುವ ಹಾಗೆ ನೋಡುತ್ತ ನಿಂತಿದ್ದಳು, ಹೇಳಿ, ಮುಂದೆ ಹೇಳಿ, ಎನ್ನುವ ಹಾಗೆ. ಎಲ್ಲರಿಗಿಂತ ಮೊದಲು ಮುಗಿಸಿದಳು. ಫಳಫಳ ಎದ್ದು ನಿಂತು, ಪರದೆ ನೋಡಿ, ಮತ್ತೆ ಕುಳಿತರು.

ಕೊನೆಯ ಸುತ್ತಿಗೆ ಉಳಿದವರು ಇಬ್ಬರು. ಇವಳ ಎದುರಾಳಿ ಹೋದ ವರ್ಷ ಗೆದ್ದಿದ್ದ ಕಾಲೇಜು ಹುಡುಗ, ಎಲ್ಲರೂ ಅವನನ್ನು ಮಿಂಚು ಎನ್ನುತ್ತಾರೆ. ಅಭ್ಯಾಸ ಮಾಡಲೆಂದು ಫಳಫಳ ಅವನಿಗೆ ಕನ್ನಡಿಯನ್ನು ಮೊದಲೇ ಕೊಟ್ಟಿದ್ದರು. ಅವನ ಬೆರಳೂ ಸಾಮಾನ್ಯದ್ದಲ್ಲ. ಅವನ ಕಾಲೇಜಿನವರೆಲ್ಲ ಒಂದು ಕಡೆ ಸೇರಿ ನೆಲ ಒದೆಯತೊಡಗಿದರು. ಅದನ್ನು ನೋಡಿ ಬಾಕಿಯವರೂ ಚೂಟಿಗಾಗಿ ಒದೆಯತೊಡಗಿದರು. ಸಭಾಂಗಣವೇ ಗುಡುಗುಡು ಎಂದಿತು. ಅವರು ಅವಳಿಗೆ ಹುರುಪು ತುಂಬುತ್ತಿದ್ದರು, ಅದರಿಂದಲೇ ಅವಳ ದಾರಿ ಮುಚ್ಚುತ್ತಿತ್ತು. ಹಲಗೆ ಹೀಗೆ ನಡುಗುತ್ತಲೇ ಇದ್ದರೆ ಅದರೊಳಗೆ ಒಂದು ಡ್ರಮ್ಮಿನ ಏಟನ್ನು ಅಂಗಾಲು ಹೇಗೆ ಹೆಕ್ಕಬೇಕು?

ಹೆಕ್ಕಲಿಲ್ಲ. ಧಡ್ ಎಂದಿತು, ಮಿಂಚು ಹೊರಟ, ಚೂಟಿ ನಿಂತೇ ಇದ್ದಳು. ಪರದೆಯ ಕೆಳಗೆ ಅವನ ಮೊದಲ ವಾಕ್ಯ ಮೂಡತೊಡಗಿದ ಮೇಲೆ ಅವಳು ಹೊರಟಳು. ನಾನು ಕೈಯಲ್ಲಿದ್ದ ಬೂಟುಗಳನ್ನು ಎದೆಗೆ ಅವಚಿಕೊಂಡಿದ್ದೆ. ಹೋಯಿತು ಎಂದುಕೊಂಡೆ. ಕೌಂಟರ್ ಹೋಯಿತು, ಕಿಟಕಿ ಹೋಯಿತು, ಮಾತಾಡಿಸುವ ಜನ ಹೋದರು. ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಆದರೆ ವಾಕ್ಯ ಒಂದಲ್ಲ, ಮೂರು. ಫಳಫಳ ಕೊನೆಯ ಸುತ್ತು ಜೋರಾಗಿರಲಿ ಎಂದು ಓಟವನ್ನು ಇನ್ನಷ್ಟು ಬಿಗಿ ಮಾಡಿಸಿದ್ದರು. ಎರಡನೆಯದರಲ್ಲಿ ಚೂಟಿ ಅವನ ಬೆನ್ನಿಗೆ ಬಂದಳು. ಮೂರನೆಯದು ಬಂದದ್ದೇ ತಡ ಓಡಿತು. ಮಿಂಚು ಒಮ್ಮೆ ತಲೆ ತಗ್ಗಿಸಿದ, ಎತ್ತುವಷ್ಟರಲ್ಲಿ ನಡುವಿನ 'ಹಳೆಯ ಸೇತುವೆ ದಾಟಿ' ಎಂಬ ಮಾತು ಪರದೆಯ ಅಂಚಿಗೆ ಹೋಗಿ ಮಾಯವಾಗಿತ್ತು. ಅದು ಮತ್ತೆ ಸುತ್ತಿ ಬರುವ ತನಕ ಅವನು ಬಾಯಿ ಬಿಟ್ಟುಕೊಂಡು ಕಾಯಬೇಕಾಯಿತು. ಕಾಯುವಾಗ ಪಕ್ಕಕ್ಕೆ ನೋಡಿದ. ಅಲ್ಲಿ ಒಬ್ಬಳು ಕಣ್ಣು ಮಿಟುಕಿಸದೆ ನಿಂತಿದ್ದಳು, ಅವಳ ಬೆರಳುಗಳು ಅವಳನ್ನು ಕೇಳದೆಯೇ ಓಡುತ್ತಿದ್ದವು. ದಿನವಿಡೀ ಗಡಿಬಿಡಿಯ ಜನರ ತುಟಿಗಳನ್ನು ಹಿಂಬಾಲಿಸುವ ಕಣ್ಣಿಗೆ ಈ ಪರದೆಯ ಓಟ ಯಾವ ಲೆಕ್ಕ?

ಕಳಿಸಿದಳು. ಹೆಬ್ಬೆರಳಿನಿಂದ ಮೇಲಿನ ಪದರವನ್ನು ನೂಕಿ ಮುಚ್ಚಿದಳು. ಮುಂದೆಯೇ ಮೈಕು ಇತ್ತು. ಟಕ್ ಎಂಬ ಶಬ್ದ ಇಡೀ ಸಭಾಂಗಣದಲ್ಲಿ ಕೇಳಿಸಿತು.

ಪರದೆಯ ಮೇಲೆ ಅವಳ ಮೂರೂ ವಾಕ್ಯಗಳ ಪಕ್ಕ ಹಸಿರು ಗುರುತು ಬಿತ್ತು. ಆಮೇಲೆ ಸೂರು ಹಾರಿಹೋಗುವಂಥ ಗದ್ದಲ. ನಾನು ಏನು ಕೂಗಿದೆನೋ ನನಗೇ ಗೊತ್ತಿಲ್ಲ, ಮಾರನೆಯ ದಿನ ನನ್ನ ಗಂಟಲು ಕಟ್ಟಿಹೋಗಿತ್ತು. ಮಿಂಚು ನಗುತ್ತ ಬಂದು ಕೈ ಕುಲುಕಿ, ಒಮ್ಮೆ ನೋಡುತ್ತೇನೆ ಎಂದು ಜಾರುಬಂಡೆಯನ್ನು ಇಸಿದುಕೊಂಡ. ಜಾರಿಸಿದ. ಕಣ್ಣರಳಿಸಿ ಅದನ್ನು ಜನರ ಕಡೆ ಎತ್ತಿ ಹಿಡಿದ.

"ಇದ್ರಲ್ಲಿ ಒಂದು ಅಕ್ಷರನೂ ಇಲ್ಲ ಕಣ್ರೋ, ಎಲ್ಲ ಸವೆದೋಗಿವೆ," ಎಂದು ಮೈಕಿನಲ್ಲಿ ಹೇಳಿದ. ಅವನ ಕಾಲೇಜಿನವರೇ ಎದ್ದುನಿಂತು ಶಿಳ್ಳೆ ಹಾಕಿದರು.

ನಿರೂಪಕ ಬಂದು, ಜನರ ಕಡೆ ಮುಖ ಮಾಡಿ, "ಇಷ್ಟು ವೇಗದ ಗುಟ್ಟೇನು ಅಂತ ಸ್ವಲ್ಪ ಹೇಳ್ತೀರಾ?" ಎಂದು ಮೈಕನ್ನು ಹಿಂದಕ್ಕೆ ಚಾಚಿದ. ಉತ್ತರವಿಲ್ಲ. ಅವಳಿಗೆ ಕಾಣಿಸುತ್ತಿದ್ದದ್ದು ಅವನ ಹಿಂದಲೆ. "ನಾಚ್ಕೋತಿದಾರೆ" ಎಂದ. ಆಗಲೂ ಇಲ್ಲ. ಚೂಟಿ ತನ್ನ ಫೋನು ವಾಪಸ್ಸು ತೆಗೆದುಕೊಂಡು ಬೆರಳು ಆಡಿಸಿದಳು. ಪಂದ್ಯದ ಸಂಪರ್ಕ ಇನ್ನೂ ಕಡಿದಿರಲಿಲ್ಲ. ಪರದೆಯ ಮೇಲೆ ಅಕ್ಷರಗಳು ಮೂಡಿದವು:

"ಮುಖ ಈ ಕಡೆ ತಿರುಗಿಸಿ ಮಾತಾಡಿ ಸಾರ್. ನನಗೆ ಕಿವಿ ಕೇಳಿಸಲ್ಲ. ಕಣ್ಣು ಚೆನ್ನಾಗಿದೆ."

ಅದನ್ನು ಓದಿ ಮೊದಲು ಹುಡುಗಿಯೊಬ್ಬಳು ನಕ್ಕಳು, ಅದರ ಹಿಂದೆಯೇ ಎಲ್ಲರೂ. ಅದು ಕನಿಕರದ ನಗುವಲ್ಲ. ಚಪ್ಪಾಳೆ ಬಿದ್ದದ್ದು ಆಮೇಲೆ, ಅವಳು ಬಯಸಿದ ಹಾಗೆ, ಗೆದ್ದ ಮೇಲೆ. ನಿರೂಪಕ ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದ, ಆದರೆ ಈ ಸಲ ಅವಳ ಕಡೆ ತಿರುಗಿ. "ಕಂಪನಿಯವರಿಗೆ ಏನಾದ್ರೂ ಹೇಳೋದಿದೆಯಾ?"

ಅವಳು ಬರೆಯುವಾಗ ನೋಡುತ್ತಿದ್ದದ್ದು ಫೋನನ್ನಲ್ಲ, ಮುಂದಿನ ಸಾಲಿನಲ್ಲಿದ್ದ ಯಜಮಾನರನ್ನು.

"ಈ ಫೋನ್ ನಿಂತರೆ ನಾನು ಕೌಂಟರ್ ಬಿಟ್ಟು ಹಿಂದಿನ ಕೋಣೆಗೆ ಹೋಗಬೇಕು. ನಾನು ಹೋಗಲ್ಲ. ಮುಂದಿನ ವರ್ಷನೂ ಬರ್ತೀನಿ, ಇದನ್ನೇ ಹಿಡಿದುಕೊಂಡು."

ನನ್ನ ಪಕ್ಕದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಫಳಫಳ, ಯಾವಾಗ ಬಂದು ನಿಂತಿದ್ದರೋ. "ಹಾಗೆ ಯಾರಮ್ಮ ಬರೀತಾರೆ ಅಂತ ಅಂದಿದ್ದೆ," ಎಂದರು ಮೆಲ್ಲಗೆ. "ನಮ್ಮ ಚೂಟಿ ಬರೀತಾಳೆ ಸರ್," ಎಂದೆ. ಇಷ್ಟು ದಿನ ಅವರ ಮೇಲೆ ಕಾದಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ, ಆ ಹೊತ್ತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಯಜಮಾನರು ಲೇಸು ಎಳೆದುಕೊಂಡೇ ವೇದಿಕೆ ಹತ್ತಿದರು. ನಿರೂಪಕ ಕೊಟ್ಟ ಮೈಕನ್ನು ಬಾಯಿಯ ತನಕ ತಂದು, ಏನೋ ನೆನಪಾದವರಂತೆ ಅದನ್ನು ಅವನಿಗೇ ಹಿಂತಿರುಗಿಸಿದರು. ನಮಗೆಲ್ಲ ಬೆನ್ನು ಮಾಡಿ ಚೂಟಿಯ ಎದುರು ನಿಂತು, ಅವಳ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಮಾತಾಡಿದರು. ಸಭಾಂಗಣದಲ್ಲಿದ್ದ ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಎಲ್ಲರೂ ಕತ್ತು ಚಾಚಿದರು, "ಏನಂತೆ, ಏನಂತೆ" ಎಂದರು. ಅವರು ಹೇಳಿದ್ದು ಗೊತ್ತಿದ್ದದ್ದು ಅಷ್ಟು ಜನರಲ್ಲಿ ಅವಳೊಬ್ಬಳಿಗೇ.

ನನಗೆ ತಡೆಯಲಾಗಲಿಲ್ಲ. ಕೈಮಾತಿಗೆ ಎರಡೂ ಕೈ ಬೇಕು. ಬೂಟುಗಳನ್ನು ಅಲ್ಲೇ ಕೈಬಿಟ್ಟೆ. ಒಂದು ಫಳಫಳ ಅವರ ಕಾಲಿನ ಮೇಲೆ ಬಿತ್ತು. ಏನಂತೆ ಎಂದು ಕೈಯೆತ್ತಿ ಕೇಳಿದೆ. ಚೂಟಿ ಅಷ್ಟು ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿ, ಫೋನನ್ನು ಜೇಬಿಗೆ ಇಳಿಸಿ, ಮೂಗಿನ ತುದಿ ಮುಟ್ಟಿ, ಸುಟ್ಟುಕೊಂಡವಳ ಹಾಗೆ ಕೈ ಕೊಡವಿದಳು.

"ಜಾರುಬಂಡೆ ಇರುತ್ತಂತೆ. ಬೂದಿ ಜೊತೆಗೆ ಇನ್ನೊಂದು ಬಣ್ಣನೂ ಮಾಡ್ತಾರಂತೆ. ಯಾವುದು ಬೇಕು ಅಂತ ಕೇಳ್ತಿದಾರೆ."

"ಏನಂದೆ?" ಎಂದೆ.

ಅವಳು ನನಗೆ ಉತ್ತರ ಕೊಡಲಿಲ್ಲ. ಯಜಮಾನರ ಕಡೆ ತಿರುಗಿ, ಎರಡೂ ಕೈಗಳನ್ನು ಅವರ ಮುಖದ ಮುಂದೆ ಎತ್ತಿ, ಆ ಬೆಳಿಗ್ಗೆ ಬಣ್ಣ ಹಚ್ಚಿಕೊಂಡಿದ್ದ ಹತ್ತೂ ಕೆಂಪು ಉಗುರುಗಳನ್ನು ತೋರಿಸಿದಳು.